ಆ್ಯಪ್ ಮಾಡ್ಸೋದೇ ಮಾರ್ಕೆಟಿಂಗ್ ಅಲ್ರಿ

ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಈಗ ಹೊಸ ಮಾರಾಟಗಾರರು ತಿರುಗಾಡ್ತಿದಾರೆ. ಹೆಗಲಿಗೆ ಲ್ಯಾಪ್‌ಟಾಪ್, ಬಾಯಲ್ಲಿ ಒಂದೇ ಮಾತು: "ನಿಮ್ಮ ಅಂಗಡಿಗೊಂದು ಆ್ಯಪ್ ಮಾಡಿಕೊಡ್ತೀವ್ರಿ, ಮಾರ್ಕೆಟಿಂಗ್ ತಾನ ಆಗ್ತದ." ಸಂಜೆಗೆ ಇವರದೇ ಕ್ಲಾಸು, ಕಾಲೇಜ್ ಹುಡುಗರಿಗೆ: "ಒಂದು ಆ್ಯಪ್ ಪ್ಲೇ ಸ್ಟೋರಿಗೆ ಹಾಕ್ರಿ, ಮನ್ಯಾಗ ಕುಂತು ಜಾಹೀರಾತಿನ ರೊಕ್ಕ ಎಣಸ್ರಿ." ಬಿಇ ಮುಗಿಸಿ ಹತ್ತು ವರ್ಷದಿಂದ ಕೋಡ್ ಬರೆದೇ ಹೊಟ್ಟೆ ಹೊರೀತಿರೋ ನಾನು ಹೇಳ್ತೀನಿ, ಎರಡೂ ಸುಳ್ಳು.

ಹುಡುಗರ ವಿಷಯ ಮೊದಲು. ಪ್ಲೇ ಸ್ಟೋರಿನಲ್ಲಿ ಡೆವಲಪರ್ ಖಾತೆಗೆ 25 ಡಾಲರ್, ಒಮ್ಮೆ ಕಟ್ಟಿದರೆ ಮುಗೀತು. ಇಷ್ಟನ್ನ ಕ್ಲಾಸಿನವರು ಹೇಳ್ತಾರೆ. 2023ರ ನವೆಂಬರ್ ನಂತರ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನು ಎಲ್ಲರಿಗೂ ಬಿಡೋ ಮುಂಚೆ ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು ಅನ್ನೋದನ್ನ ಹೇಳಲ್ಲ. ಆ್ಯಡ್‌ಮಾಬ್‌ನಲ್ಲಿ 100 ಡಾಲರ್ ಕೂಡೋ ತನಕ ಒಂದು ಪೈಸೆನೂ ಬ್ಯಾಂಕಿಗೆ ಬರಲ್ಲ ಅನ್ನೋದನ್ನೂ ಹೇಳಲ್ಲ. ಆಂಡ್ರಾಯ್ಡ್ ವರ್ಷ ವರ್ಷ ಬದಲಾಗ್ತದೆ, ಅದಕ್ಕೆ ತಕ್ಕಂತೆ ತಿದ್ದದೇ ಬಿಟ್ಟ ಆ್ಯಪ್ ಹೊಸ ಫೋನಿನವರ ಕಣ್ಣಿಗೇ ಬೀಳಲ್ಲ. ಇದು ಕೂಳೆ ಕಬ್ಬಲ್ಲ, ದಿನಾ ಮೇವು ಹಾಕಬೇಕಾದ ಎಮ್ಮಿ.

ಅಂಗಡಿಯವರಿಗೆ ಆಗ್ತಿರೋ ಮೋಸ ಇನ್ನೂ ದೊಡ್ಡದು. ಚಪ್ಪಲಿಯನ್ನೇ ತಗೊಳ್ಳಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡನೂ ಸೇರಿದವು. ಹೆಸರು ಕೊಲ್ಹಾಪುರದ್ದು, ಹೊಲಿಗೆ ಅಥಣಿ, ನಿಪ್ಪಾಣಿಯವರದ್ದೂ ಹೌದು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಇದೇ ತರಹದ ಚಪ್ಪಲಿ ಮೆರೆಸಿತು. ಗದ್ದಲ ಆದ ಮೇಲೆ, ಸ್ಫೂರ್ತಿ ಇಲ್ಲಿಂದ ಬಂದದ್ದು ಅಂತ ಒಪ್ಕೊಂಡಿತು. ಆವತ್ತಿಂದ ಆ್ಯಪ್ ಮಾರೋರಿಗೆ ಹೊಸ ಹುರುಪು: "ಕಾಕಾ, ಜಗತ್ತೇ ನಿಮ್ಮ ಚಪ್ಪಲಿ ಕೇಳಾಕತ್ತೈತಿ, ಆ್ಯಪ್ ಇಲ್ಲಂತ ನೀವು ಹಿಂದ ಉಳದೀರಿ!"

ಹೌದಾ? ಅಥಣಿಯಲ್ಲಿ ಮಹಿಳಾ ಸ್ವಸಹಾಯ ಗುಂಪುಗಳ ಕೈಯಲ್ಲಿ ಬೆಳೆದ ಟೋಹೋಲ್ಡ್ ವಿದೇಶಕ್ಕೆ ಚಪ್ಪಲಿ ಕಳಿಸಿದಾಗ ಆಂಡ್ರಾಯ್ಡ್ ಫೋನೇ ಇರಲಿಲ್ಲ. ಮೊದಲ ಆಂಡ್ರಾಯ್ಡ್ ಫೋನ್ ಮಾರಾಟಕ್ಕೆ ಬಂದಿದ್ದು 2008ರಲ್ಲಿ. ದೂರದ ಗಿರಾಕಿ, ಮಿಲಾನ್ ಬಿಡಿ ಪುಣೆಯವನೇ ಆಗ್ಲಿ, ಕೇಳೋದು ಇಷ್ಟು: ನನ್ನ ಕಾಲಿಗೆ ಸರಿ ಹೋಗ್ತದಾ? ಹೋಗದಿದ್ರೆ ವಾಪಸ್ ತಗೋತೀರಾ? ಮಳೆಯಲ್ಲಿ ಹಾಕಬಹುದಾ? ಮೆಟ್ಟಿದಂಗೆಲ್ಲಾ ಹಿಗ್ಗೋ ತೊಗಲಿನ ಬಗ್ಗೆ ಉತ್ತರ ಗೊತ್ತಿರೋದು ಹೊಲಿಯೋರಿಗೆ. ಎ4 ಹಾಳೆ ಮೇಲೆ ಪಾದ ಇಟ್ಟು ಸುತ್ತ ಪೆನ್ನಿಂದ ಗೆರೆ ಎಳೆದು ಫೋಟೋ ಕಳಿಸ್ರಿ ಅಂತ ವಾಟ್ಸಾಪಿನಲ್ಲಿ ಕೇಳಿದ್ರೆ ಅರ್ಧ ಕೆಲಸ ಆಯ್ತು. ಮೂರು ವರ್ಷಕ್ಕೊಮ್ಮೆ ಚಪ್ಪಲಿ ಕೊಳ್ಳೋನು ಅದಕ್ಕಂತ ಒಂದು ಆ್ಯಪ್ ಇಳಿಸಿಕೊಂಡು ಫೋನ್ ತುಂಬಿಸ್ತಾನೇನ್ರಿ? ಆ ಆ್ಯಪ್ ಇದೆ ಅಂತ ಅವನಿಗೆ ಹೇಳೋದಕ್ಕೇ ಬೇರೆ ಮಾರ್ಕೆಟಿಂಗ್ ಬೇಕು.

ರಾಯಬಾಗ ತಾಲೂಕಿನಲ್ಲಿ ನಮ್ಮ ಸಂಬಂಧಿಕರದೊಂದು ಕಿರಾಣಿ ಅಂಗಡಿ. 40 ಸಾವಿರ ಕೊಟ್ಟು ಆ್ಯಪ್ ಮಾಡಿಸಿದರು. ಪೂರಾ ಇಂಗ್ಲಿಷ್. ಅವರ ಗಿರಾಕಿಗಳಲ್ಲಿ ಕನ್ನಡ ಮಾತಾಡಿ ಮರಾಠಿ ಓದೋರಿದಾರೆ, ಯಾವುದನ್ನೂ ಓದದೆ ವಾಯ್ಸ್ ಮೆಸೇಜ್ ಹಾಕೋರಿದಾರೆ: "ಎರಡ್ ಕಿಲೋ ಶೇಂಗಾ, ಒಂದ್ ಡಬ್ಬಿ ಎಣ್ಣಿ, ಹುಡುಗನ ಕೈಯಾಗ ಕಳಸ್ರಿ." ಐದು ಸೆಕೆಂಡಿನ ಮಾತು. ಅದನ್ನ ಬಿಟ್ಟು ಒಟಿಪಿ ಹಾಕಿ, ಪಾಸ್‌ವರ್ಡ್ ಇಟ್ಟು, ಪಟ್ಟಿಯಲ್ಲಿ ಶೇಂಗಾ ಹುಡುಕೋ ವ್ಯವಧಾನ ಯಾರಿಗಿದೆ? ಇಳಿಸಿಕೊಂಡವರೆಲ್ಲ ಬೀಗರು-ನೆಂಟರು. ಎರಡನೇ ವರ್ಷದ ಬಾಡಿಗೆ ಕಟ್ಟಲಿಲ್ಲ ಅಂತ ಒಂದಿನ ಆ್ಯಪೇ ಮಾಯ. ಅದು ಮಾಡಿದವರ ಖಾತೆಯಲ್ಲಿತ್ತು. ಅಂಗಡಿಯ ಹೆಸರು, ಗಿರಾಕಿಗಳ ನಂಬರು, ಎಲ್ಲಾ ಅವರ ಹತ್ರನೇ ಉಳೀತು.

ಆ್ಯಪೇ ಬೇಡ ಅಂತ ಅಲ್ಲ, ನನ್ನ ಅನ್ನ ಅದರಲ್ಲೇ ಇದೆ. ದಿನಾ ಮಾಡಬೇಕಾದ, ತಪ್ಪಿದ್ರೆ ನಷ್ಟ ಆಗೋ ಕೆಲಸ ಎಲ್ಲಿದೆಯೋ ಅಲ್ಲಿ ಆ್ಯಪ್ ಬೇಕು. ಹಳ್ಳಿ ಡೇರಿಯ ಹಾಲಿನ ಲೆಕ್ಕ. ಕಬ್ಬು ಕಟಾವಿನ ಗ್ಯಾಂಗಿಗೆ ಕೊಟ್ಟ ಮುಂಗಡದ ಲೆಕ್ಕ. ಕಾಗವಾಡ, ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರ ಯಾವ ದಿನ ಯಾವ ಔಷಧ ಹೊಡೆದ ಅನ್ನೋ ದಾಖಲೆ. ಇದನ್ನ ಕನ್ನಡ, ಮರಾಠಿ ಎರಡರಲ್ಲೂ, ನೆಟ್‌ವರ್ಕ್ ಇಲ್ಲದಾಗಲೂ ನಡೆಯೋ ಹಂಗೆ ಮಾಡಿಕೊಡೋ ಹುಡುಗನಿಗೆ 50 ಜನ ತಿಂಗಳಿಗೆ 100 ರೂಪಾಯಿ ಕೊಟ್ರೆ 5,000. ಜಾಹೀರಾತಿನ ಕನಸಿಗಿಂತ ಇದು ಗಟ್ಟಿ ರೊಕ್ಕ. ಆದ್ರೆ ಅದಕ್ಕೆ ತೋಟಕ್ಕೆ ಹೋಗಿ ನಾಲ್ಕು ದಿನ ಬೆಳೆಗಾರನ ಹಿಂದೆ ತಿರುಗಬೇಕು, ಕ್ಲಾಸಿನಲ್ಲಿ ಅದನ್ನ ಕಲಿಸಲ್ಲ.

ಇಷ್ಟಾದ ಮೇಲೂ ಅಂಗಡಿಗೆ ಮಾಡಿಸ್ತೀನಿ ಅನ್ನೋರು ಪ್ಲೇ ಸ್ಟೋರ್ ಖಾತೆ ನಿಮ್ಮ ಹೆಸರಲ್ಲೇ ತೆಗೆಸಿ. ಸೋರ್ಸ್ ಕೋಡ್, ಗಿರಾಕಿಗಳ ಪಟ್ಟಿ ನಿಮ್ಮ ಕೈಗೆ ಕೊಡ್ತೀವಿ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ವರ್ಷಾ ವರ್ಷಾ ತಿದ್ದೋದಕ್ಕೆ ಎಷ್ಟು ಅನ್ನೋದನ್ನೂ ಈಗಲೇ ಕೇಳಿ. ಹಿಂದೆಮುಂದೆ ನೋಡಿದ್ರೆ ಚಹಾ ಕುಡಿಸಿ ಕಳಿಸಿ.