ಕತ್ತಲೆಗೆ ಪ್ರೀತಿಯೆಂಬ ಹೆಸರೇ?

ಹದಿಹರೆಯದವರಿಗೆಂದೇ ಬರೆಯಲಾಗುವ ಇಂಗ್ಲಿಷ್ ಪ್ರೇಮ ಕಾದಂಬರಿಗಳು ಇಂದು ನಮ್ಮ ಅನೇಕ ಕುಟುಂಬಗಳ ಮನೆಯೊಳಗೆ ಬಂದು ನೆಲೆಸಿವೆ. ಶಾಲೆಯ ಚೀಲದಲ್ಲಿ, ತಲೆದಿಂಬಿನ ಅಡಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮೊಬೈಲ್ ಫೋನಿನ ಪರದೆಯ ಮೇಲೆ ಅವು ಮಕ್ಕಳ ಜೊತೆಗಿರುತ್ತವೆ. ತಾಯಂದಿರು ತಮ್ಮ ಕಾಲದಲ್ಲಿ ಓದಿದ ‘ಮಿಲ್ಸ್ ಅಂಡ್ ಬೂನ್’ ಕಥೆಗಳಲ್ಲಿ ನಾಯಕ ನಾಯಕಿಯರು ಕೊನೆಯ ಪುಟದಲ್ಲಿ ಒಂದಾಗಿ ಸುಖವಾಗಿರುತ್ತಿದ್ದರು. ಇಂದಿನ ಎಷ್ಟೋ ಕಾದಂಬರಿಗಳ ಹಾದಿಯೇ ಬೇರೆ. ಆತ್ಮಹತ್ಯೆ, ಖಿನ್ನತೆ, ಮಾದಕ ವ್ಯಸನ, ಹೊಡೆತ, ಗೀಳು ಹಿಡಿದ ಪ್ರೇಮ ಇವೆಲ್ಲ ಅಲ್ಲಿ ಸಾಮಾನ್ಯ ವಸ್ತುಗಳಾಗಿವೆ.

ಇದರ ಬಗ್ಗೆ ನಮ್ಮ ಹೆತ್ತವರು ತಳೆಯುವ ನಿಲುವುಗಳು ಮುಖ್ಯವಾಗಿ ಎರಡು. ಕೆಲವರು ಪುಸ್ತಕದ ಕಪ್ಪು ಹೊದಿಕೆಯನ್ನು ಕಂಡೊಡನೆ ಗಾಬರಿಗೊಂಡು ಅದನ್ನು ಕಸಿದುಕೊಳ್ಳುತ್ತಾರೆ. ಇನ್ನು ಕೆಲವರು ‘ಮಗಳು ಏನನ್ನೋ ಓದುತ್ತಿದ್ದಾಳಲ್ಲ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ’ ಎಂದು ಸಂತೋಷಪಟ್ಟು ಸುಮ್ಮನಾಗುತ್ತಾರೆ. ಈ ಎರಡು ನಿಲುವುಗಳೂ ಮೇಲುನೋಟಕ್ಕೆ ವಿರುದ್ಧವಾಗಿ ಕಂಡರೂ ಒಂದು ವಿಷಯದಲ್ಲಿ ಸಮಾನವಾಗಿವೆ: ಆ ಪುಸ್ತಕದೊಳಗೆ ಏನಿದೆ ಎಂಬುದನ್ನು ಇವರಲ್ಲಿ ಯಾರೂ ತೆರೆದು ನೋಡಿಲ್ಲ.

ಯೌವನದ ಪ್ರೇಮವನ್ನು ಸಾವಿನ ಮಗ್ಗುಲಲ್ಲಿಟ್ಟು ಕಥೆ ಹೇಳುವುದು ಇಂದಿನವರು ಕಂಡುಹಿಡಿದ ಸಂಗತಿಯೇನಲ್ಲ. ಷೇಕ್ಸ್‌ಪಿಯರನ ಜೂಲಿಯೆಟ್‌ಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. 1740ರಲ್ಲಿ ಪ್ರಕಟವಾದ ರಿಚರ್ಡ್‌ಸನ್ನನ ‘ಪಮೇಲಾ’ ಕಾದಂಬರಿಯಲ್ಲಿ ಹದಿನೈದರ ಕೆಲಸದ ಹುಡುಗಿಯನ್ನು ಯಜಮಾನನು ಕಾಡುತ್ತಾನೆ, ಅವಳ ಪತ್ರಗಳನ್ನು ಕದ್ದು ಓದುತ್ತಾನೆ, ಅವಳನ್ನು ಕೂಡಿಹಾಕುತ್ತಾನೆ. ಕಡೆಗೆ ಮನಸ್ಸು ಬದಲಿಸಿ ಅವಳನ್ನೇ ಮದುವೆಯಾಗುತ್ತಾನೆ. 1774ರಲ್ಲಿ ಬಂದ ಗಯಟೆಯ ‘ವರ್ಥರ್’ ಕಾದಂಬರಿಯ ನಾಯಕನು ಬೇರೊಬ್ಬನಿಗೆ ನಿಶ್ಚಯವಾದ ಹುಡುಗಿಯನ್ನು ಪ್ರೀತಿಸಿ ಪ್ರಾಣ ಕಳೆದುಕೊಂಡನು. ಯುರೋಪಿನ ಯುವಕರು ಅವನಂತೆಯೇ ನೀಲಿ ಕೋಟು, ಹಳದಿ ಅಂಗಿ ತೊಟ್ಟು ತಿರುಗಿದರು. ಲೈಪ್ಜಿಗ್ ನಗರವು 1775ರಲ್ಲಿ ಪುಸ್ತಕವನ್ನೂ ಆ ಉಡುಪನ್ನೂ ಒಟ್ಟಿಗೆ ನಿಷೇಧಿಸಿತು.

ನಮ್ಮ ನಾಡಿಗೇ ಬಂದರೆ, ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರವನ್ನು ಯಾರು ಮರೆತಿದ್ದಾರೆ? ಸಿಡುಕಿನ ಹುಡುಗ ರಾಮಾಚಾರಿ ಮತ್ತು ಕ್ರೈಸ್ತ ಹುಡುಗಿ ಮಾರ್ಗರೆಟ್ ಚಿತ್ರದುರ್ಗದ ಬೆಟ್ಟದ ಮೇಲಿಂದ ಸಾವಿಗೆ ಧುಮುಕುವ ದೃಶ್ಯವನ್ನು ನಮ್ಮ ಹಿರಿಯರು ಕಣ್ಣೀರಿಟ್ಟು ನೋಡಿದ್ದಾರೆ. ಆದುದರಿಂದ ಕತ್ತಲೆಯ ಕಥೆಗಳು ಪರದೇಶದಿಂದ ಬಂದ ರೋಗವೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ.

ಹಾಗಾದರೆ ಆತಂಕಕ್ಕೆ ಕಾರಣವೇ ಇಲ್ಲವೇ? ಇದೆ. ಆದರೆ ಅದು ಕತ್ತಲೆಯನ್ನು ಬರೆದುದರಲ್ಲಿಲ್ಲ, ಕತ್ತಲೆಗೆ ಪ್ರೀತಿಯೆಂದು ಹೆಸರಿಟ್ಟುದರಲ್ಲಿದೆ.

ಹತ್ತು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಮಾಲೆಯನ್ನೇ ನೋಡೋಣ. 2005ರಿಂದ 2008ರವರೆಗೆ ಇದರ ನಾಲ್ಕು ಸಂಪುಟಗಳು ಬಂದವು. ಹದಿನೇಳರ ಬೆಲ್ಲಾ ಎಂಬ ಹುಡುಗಿ ಎಡ್ವರ್ಡ್ ಎಂಬ ರಕ್ತಪಿಶಾಚಿಯನ್ನು ಪ್ರೀತಿಸುತ್ತಾಳೆ. ಪಿಶಾಚಿ ಎಂಬುದನ್ನು ಕೇಳಿ ಬೆಚ್ಚುವ ಹೆತ್ತವರು ಬೆಚ್ಚಬೇಕಾದದ್ದು ಅದಕ್ಕಲ್ಲ; ಅದು ಕಟ್ಟುಕಥೆಯೆಂದು ಮಕ್ಕಳಿಗೆ ತಿಳಿದಿದೆ. ಹುಡುಗಿಗೆ ಗೊತ್ತಿಲ್ಲದಂತೆ ಅವನು ರಾತ್ರಿ ಅವಳ ಕೋಣೆಯೊಳಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಾ ಇರುತ್ತಾನೆ. ಸಂಗತಿ ತಿಳಿದಾಗ ಅವಳು ಹೆದರುವುದಿಲ್ಲ, ಹಿಗ್ಗುತ್ತಾಳೆ. ಮೂರನೆಯ ಸಂಪುಟದಲ್ಲಿ ಅವಳು ತನ್ನ ಗೆಳೆಯನೊಬ್ಬನನ್ನು ಕಾಣಲು ಹೋಗದಂತೆ ಅವಳ ವಾಹನದ ಎಂಜಿನ್ನಿನ ಭಾಗವನ್ನೇ ಕಳಚಿಡುತ್ತಾನೆ. ಎರಡನೆಯ ಸಂಪುಟದಲ್ಲಿ ಅವನು ಬಿಟ್ಟುಹೋದಾಗ ನಾಲ್ಕು ತಿಂಗಳುಗಳ ಬರಿಯ ಹೆಸರುಗಳಷ್ಟೇ ಖಾಲಿ ಹಾಳೆಗಳ ಮೇಲೆ ಅಚ್ಚಾಗಿವೆ. ಅವನಿಲ್ಲದೆ ಅವಳಿಗೆ ದಿನಗಳೇ ಇಲ್ಲ ಎಂಬುದು ಅದರ ಅರ್ಥ. ಅವಳು ಸತ್ತಳೆಂದು ತಪ್ಪಾಗಿ ತಿಳಿದ ಅವನೂ ಸಾವನ್ನು ಅರಸಿ ಇಟಲಿಗೆ ಹೋಗುತ್ತಾನೆ.

ಇವುಗಳಲ್ಲಿ ಯಾವುದನ್ನೂ ಆ ಕಥೆ ಗಂಭೀರ ದೋಷವೆಂದು ಕಾಣಿಸುವುದಿಲ್ಲ. ಹಿಂಬಾಲಿಸುವುದು ಕಾಳಜಿಯಾಗುತ್ತದೆ, ತಡೆಯುವುದು ರಕ್ಷಣೆಯಾಗುತ್ತದೆ, ‘ನೀನಿಲ್ಲದೆ ಬದುಕಲಾರೆ’ ಎಂಬುದು ಪ್ರೇಮದ ಅತ್ಯುನ್ನತ ಸಾಕ್ಷಿಯಾಗುತ್ತದೆ. ಪಮೇಲಾಳನ್ನು ಕೂಡಿಹಾಕಿದ ಯಜಮಾನನೇ ಹೊಸ ವೇಷದಲ್ಲಿ ಬಂದಿದ್ದಾನೆ.

ಇದರ ಪಕ್ಕದಲ್ಲಿ ಇನ್ನೊಂದು ಕಾದಂಬರಿಯನ್ನು ಇಟ್ಟು ನೋಡಿ. ಸಾರಾ ಡೆಸನ್ ಅವರ ‘ಡ್ರೀಮ್‌ಲ್ಯಾಂಡ್’ 2000ದಲ್ಲಿ ಪ್ರಕಟವಾಯಿತು. ಕೇಟ್ಲಿನ್ ಎಂಬ ಹುಡುಗಿ ರೋಜರ್‌ಸನ್ ಎಂಬ ಹುಡುಗನನ್ನು ಮೆಚ್ಚುತ್ತಾಳೆ. ಅವನು ಅವಳನ್ನು ಹೊಡೆಯಲು ಆರಂಭಿಸುತ್ತಾನೆ. ಅವಳು ಗಾಯಗಳನ್ನು ಉದ್ದ ತೋಳಿನ ಅಂಗಿಯಡಿ ಮುಚ್ಚಿಕೊಳ್ಳುತ್ತಾಳೆ. ಮನೆ ಬಿಟ್ಟುಹೋದ ಹಿರಿಯ ಮಗಳ ಚಿಂತೆಯಲ್ಲಿ ಮುಳುಗಿರುವ ತಾಯಿ ಎದುರಿಗಿರುವ ಕಿರಿಯ ಮಗಳನ್ನು ಗಮನಿಸುವುದೇ ಇಲ್ಲ. ಕೊನೆಗೆ ಎಲ್ಲವೂ ಬಯಲಾದಾಗಲೂ ಹುಡುಗಿಯ ಮನಸ್ಸು ಹೊಡೆದವನ ಕಡೆಗೇ ಸೆಳೆಯುತ್ತದೆ. ಚಿಕಿತ್ಸಾ ಕೇಂದ್ರವೊಂದರಲ್ಲಿ ಅವಳು ನಿಧಾನವಾಗಿ ಚೇತರಿಸಿಕೊಳ್ಳುತ್ತಾಳೆ. ‘ಟ್ವೈಲೈಟ್’ಗಿಂತ ಈ ಪುಸ್ತಕ ಎಷ್ಟೋ ಪಾಲು ನೋವಿನದು. ಆದರೂ ಮಗಳ ಕೈಯಲ್ಲಿ ಯಾವುದಿರಲಿ ಎಂದು ಕೇಳಿದರೆ ಇದೇ ಇರಲಿ ಎನ್ನಬೇಕು. ಏಕೆಂದರೆ ಇಲ್ಲಿ ಹೊಡೆತಕ್ಕೆ ಹೊಡೆತವೆಂದೇ ಹೆಸರು.

ಪುಸ್ತಕದ ವ್ಯಾಪಾರಕ್ಕೆ ಮಾತ್ರ ಈ ವ್ಯತ್ಯಾಸ ಬೇಕಾಗಿಲ್ಲ. ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ (2016) ಗಂಡನ ಹೊಡೆತದಿಂದ ಬಿಡಿಸಿಕೊಳ್ಳುವ ಹೆಣ್ಣೊಬ್ಬಳ ಕಥೆ; ವಯಸ್ಕರಿಗಾಗಿ ಬರೆದದ್ದಾದರೂ ಹದಿಹರೆಯದವರ ಕೈಗೂ ಧಾರಾಳವಾಗಿ ತಲುಪಿತು. 2023ರ ಜನವರಿಯಲ್ಲಿ ಈ ಕಥೆಯನ್ನಾಧರಿಸಿ ಬಣ್ಣ ತುಂಬುವ ಪುಸ್ತಕವೊಂದನ್ನು ತರುವುದಾಗಿ ಘೋಷಿಸಲಾಯಿತು! ಓದುಗರೇ ಪ್ರತಿಭಟಿಸಿದ ಮೇಲೆ ಅದನ್ನು ಕೈಬಿಡಲಾಯಿತು. ಹೆಣ್ಣಿನ ಗಾಯವೂ ಅಲಂಕಾರದ ಸರಕಾಗಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ಸಾವಿನ ಮಾತು. ಹುಡುಗಿಯೊಬ್ಬಳು ತನ್ನ ಸಾವಿಗೆ ಹದಿಮೂರು ಕಾರಣಗಳನ್ನು ಧ್ವನಿಮುದ್ರಿಸಿಟ್ಟು ಹೋಗುವ ಜೇ ಆಶರ್ ಅವರ 2007ರ ಕಾದಂಬರಿಯು 2017ರಲ್ಲಿ ನೆಟ್‌ಫ್ಲಿಕ್ಸ್ ಧಾರಾವಾಹಿಯಾಯಿತು. ಅದು ಬಿಡುಗಡೆಯಾದ ಮರುತಿಂಗಳು ಅಮೆರಿಕದಲ್ಲಿ 10ರಿಂದ 17 ವರ್ಷದವರ ಆತ್ಮಹತ್ಯೆಯ ಪ್ರಮಾಣ ಶೇ. 28.9ರಷ್ಟು ಏರಿತೆಂದು 2019ರ ಅಧ್ಯಯನವೊಂದು ಹೇಳಿತು. ಆ ಲೆಕ್ಕವನ್ನು ಅನಂತರ ಬೇರೆ ಸಂಶೋಧಕರು ಪ್ರಶ್ನಿಸಿದ್ದಾರೆ. ಧಾರಾವಾಹಿಯ ನಿರ್ಮಾಪಕರಂತೂ ಅದೇ ವರ್ಷ ಸಾವಿನ ದೃಶ್ಯವನ್ನು ತೆಗೆದುಹಾಕಿದರು. ಇಂತಹ ಅನುಕರಣೆಗೆ 1974ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ‘ವರ್ಥರ್ ಪರಿಣಾಮ’ ಎಂದು ಹೆಸರಿಟ್ಟಿದ್ದರು. ಆದರೆ ಇದಕ್ಕೆ ಎದುರಾದ ಇನ್ನೊಂದು ಪರಿಣಾಮವೂ ಇದೆಯೆಂಬುದನ್ನು ಬಹಳ ಮಂದಿ ಅರಿಯರು. ಸಂಕಟದಲ್ಲಿದ್ದವರು ಅದನ್ನು ದಾಟಿ ಬದುಕಿದ ವೃತ್ತಾಂತಗಳು ಪ್ರಕಟವಾದಾಗ ಆತ್ಮಹತ್ಯೆಗಳು ತಗ್ಗುವುದನ್ನು ಆಸ್ಟ್ರಿಯದ ಸಂಶೋಧಕರು 2010ರಲ್ಲಿ ಗುರುತಿಸಿದರು. ಅದಕ್ಕೆ ‘ಪಾಪಗೇನೊ ಪರಿಣಾಮ’ ಎಂದು ಹೆಸರು. ಮೊಜಾರ್ಟನ 1791ರ ಸಂಗೀತ ನಾಟಕದ ಪಾತ್ರ ಪಾಪಗೇನೊ ಪ್ರೇಮದ ನಿರಾಶೆಯಲ್ಲಿ ಸಾಯಹೊರಟಾಗ ಮೂವರು ಬಾಲಕರು ಬಂದು ಮಾತನಾಡಿಸಿ, ಬೇರೆ ದಾರಿಯಿದೆಯೆಂದು ನೆನಪಿಸುತ್ತಾರೆ. ಅವನು ಬದುಕುತ್ತಾನೆ. ಅದೇ ಕತ್ತಲೆ, ಆದರೆ ಮಾತನಾಡಿಸುವವರಿದ್ದರು.

ಇದು ದೂರದೇಶದ ಚರ್ಚೆಯಲ್ಲ. 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ವರದಿ ಹೇಳುತ್ತದೆ. ಅದರಲ್ಲಿ ಶೇ. 4.5ರಷ್ಟಕ್ಕೆ ಪ್ರೇಮ ಪ್ರಕರಣಗಳು ಕಾರಣವೆಂದು ದಾಖಲಾಗಿದೆ. ಕೌಟುಂಬಿಕ ಸಮಸ್ಯೆಗಳ ಪಾಲು ಶೇ. 31.7. ಪುಸ್ತಕದ ಮೇಲೆ ಬೆರಳು ತೋರಿಸುವ ಮೊದಲು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನಾವು ಯೋಚಿಸಬೇಕು.

ನಿಷೇಧವೇ ಪರಿಹಾರವೆಂದು ನಂಬುವವರಿಗೆ ನಮ್ಮ ಧರ್ಮಸಭೆಯ ಅನುಭವವೇ ಪಾಠವಾಗಬಲ್ಲದು. 1559ರಲ್ಲಿ ಆರಂಭವಾದ ನಿಷೇಧಿತ ಗ್ರಂಥಗಳ ಪಟ್ಟಿಯನ್ನು ಧರ್ಮಸಭೆಯೇ 1966ರಲ್ಲಿ ಕೈಬಿಟ್ಟಿತು. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2024ರಲ್ಲಿ ಸಾಹಿತ್ಯದ ಓದಿನ ಕುರಿತು ಬರೆದ ಪತ್ರದಲ್ಲಿ ತಮ್ಮ ಅನುಭವವೊಂದನ್ನು ಹೇಳಿಕೊಂಡಿದ್ದಾರೆ. 1964-65ರಲ್ಲಿ ಅವರು ಅರ್ಜೆಂಟೀನಾದ ಯೇಸುಸಭೆಯ ಶಾಲೆಯೊಂದರಲ್ಲಿ ಸಾಹಿತ್ಯ ಕಲಿಸುತ್ತಿದ್ದರು. ಪಠ್ಯದಲ್ಲಿದ್ದ ಹಳೆಯ ವೀರಕಾವ್ಯ ವಿದ್ಯಾರ್ಥಿಗಳಿಗೆ ಬೇಡವಾಗಿತ್ತು. ಅವರಿಗೆ ಲೋರ್ಕಾ ಎಂಬ ಆಧುನಿಕ ಕವಿ ಬೇಕಾಗಿದ್ದನು. ಫ್ರಾನ್ಸಿಸ್‌ರವರು ವೀರಕಾವ್ಯವನ್ನು ಮನೆಯಲ್ಲಿ ಓದಿಕೊಳ್ಳುವಂತೆ ಹೇಳಿ, ತರಗತಿಯಲ್ಲಿ ವಿದ್ಯಾರ್ಥಿಗಳು ಮೆಚ್ಚಿದ ಲೇಖಕರನ್ನೇ ಚರ್ಚೆಗೆ ತೆಗೆದುಕೊಂಡರು. ಮಕ್ಕಳ ಅಭಿರುಚಿಯಿಂದಲೇ ಮಾತು ಆರಂಭಿಸಿದ ಆ ತರುಣ ಶಿಕ್ಷಕನ ವಿವೇಕ ನಮ್ಮ ಮನೆಗಳಿಗೂ ಬೇಕಾಗಿದೆ.

ನಾಗರಹಾವಿನ ಚಾಮಯ್ಯ ಮೇಷ್ಟ್ರು ರಾಮಾಚಾರಿಯನ್ನು ಹೆತ್ತವರಿಗಿಂತ ಹೆಚ್ಚಾಗಿ ಪ್ರೀತಿಸಿದವರು. ಆದರೂ ಹುಡುಗನ ಮನಸ್ಸು ಕುದಿಯುತ್ತಿದ್ದಾಗ ಅವರು ಬೇಡಿದ್ದು ತ್ಯಾಗವನ್ನು. ಅವನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಲಿಲ್ಲ. ನಮ್ಮ ಮನೆಗಳಲ್ಲಿಯೂ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ. ಮದುವೆಯ ಪ್ರಸ್ತಾಪ ಬರುವವರೆಗೆ ಪ್ರೀತಿ ಎಂಬ ಶಬ್ದ ಊಟದ ಮೇಜಿನ ಬಳಿ ಸುಳಿಯುವುದಿಲ್ಲ. ‘ಗಂಡಸಲ್ಲವೇ, ಸಿಟ್ಟು ಇದ್ದದ್ದೇ, ಸಹಿಸಿಕೊಂಡು ಹೋಗು’ ಎಂದು ಅತ್ತೆಗೋ ಚಿಕ್ಕಮ್ಮನಿಗೋ ಹಿರಿಯರು ಬುದ್ಧಿ ಹೇಳುವುದನ್ನು ಮಾತ್ರ ಹುಡುಗಿ ಬಾಲ್ಯದಿಂದ ಕೇಳಿರುತ್ತಾಳೆ. ಅಂತಹ ಹುಡುಗಿಗೆ ಕಾದಂಬರಿ ಹೊಸದೇನನ್ನೂ ಕಲಿಸುವುದಿಲ್ಲ. ಮನೆ ಕಲಿಸಿದ್ದನ್ನೇ ಸುಂದರವಾದ ಮುಖವಿಟ್ಟು ತೋರಿಸುತ್ತದೆ. ‘ಬೇಡ’ ಎಂದ ಹುಡುಗಿಯ ಬೆನ್ನುಬೀಳುವ ನಾಯಕನಿಗೆ ಸಿನಿಮಾ ಮಂದಿರದಲ್ಲಿ ಶಿಳ್ಳೆ ಹಾಕುವ ಮಗನಿಗೂ ನಾವು ಬೇರೇನನ್ನೂ ಹೇಳಿಕೊಟ್ಟಿಲ್ಲ.

ಆದುದರಿಂದ ತಾಯಿತಂದೆಯರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳು ಓದುವ ಪುಸ್ತಕವನ್ನು ಒಮ್ಮೆ ನೀವೂ ಓದಿ. ಇಂಗ್ಲಿಷ್ ಓದಲು ಬಾರದವರು ಕಥೆಯನ್ನು ಹೇಳು ಎಂದು ಮಗಳನ್ನೇ ಕೇಳಿ. ಅವಳು ಸಂತೋಷದಿಂದ ಹೇಳುತ್ತಾಳೆ. ಬಳಿಕ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಈ ಹುಡುಗ ಮಾಡಿದ್ದನ್ನು ಮುಖಸುಂದರನಲ್ಲದ ಇನ್ನೊಬ್ಬ ಮಾಡಿದ್ದರೆ ಅವಳು ಏನೆನ್ನುತ್ತಿದ್ದಳು? ಅವಳಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯವಿತ್ತೇ? ಅವಳು ನಿನ್ನ ಗೆಳತಿಯಾಗಿದ್ದರೆ ನೀನು ಏನು ಹೇಳುತ್ತಿದ್ದೆ? ಉತ್ತರಕ್ಕೆ ಕಾಯಿರಿ, ಉಪದೇಶಕ್ಕೆ ಅವಸರಪಡಬೇಡಿ. ಮಗು ಮಂಕಾಗಿದ್ದರೆ, ಊಟ ನಿದ್ರೆ ಬಿಟ್ಟಿದ್ದರೆ, ಸಾವಿನ ಮಾತನಾಡುತ್ತಿದ್ದರೆ, ಅದನ್ನು ಪುಸ್ತಕದ ಹುಚ್ಚೆಂದು ತಳ್ಳಿಹಾಕದೆ ಸಹಾಯ ಪಡೆಯಿರಿ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ನಮ್ಮ ಮಕ್ಕಳು ಕತ್ತಲೆಯ ಕಥೆಗಳನ್ನು ಓದಿಯೇ ಓದುತ್ತಾರೆ. ಅವನ್ನು ಒಂಟಿಯಾಗಿ ಓದಬೇಕೇ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಗಾಯವನ್ನು ಮುಚ್ಚಿಕೊಳ್ಳಲು ಉದ್ದ ತೋಳಿನ ಅಂಗಿ ತೊಟ್ಟ ಹುಡುಗಿಯನ್ನು ಮೊದಲು ಗಮನಿಸಬೇಕಾದವರು ಮನೆಯವರೇ ಅಲ್ಲವೇ?