ಗೃಹಾಂಗಣ: ಉಗುರಿನ ಬಣ್ಣವೂ ನೀಲಿ ದೀಪವೂ

ಮದುವೆಯ ಮನೆಯಲ್ಲಿ ಕೈಗಳ ಸಿಂಗಾರಕ್ಕೆ ವಿಶೇಷ ಸ್ಥಾನವಿದೆ. ಪಂಚಮಿ ಬಂತೆಂದರೆ ಗೋರಂಟಿಯ ಸೊಪ್ಪನ್ನು ಅರೆದು ಕೈಗೆ ಹಚ್ಚಿಕೊಳ್ಳುವುದು, ಮದುವೆ ಗೊತ್ತಾಯಿತೆಂದರೆ ಅಕ್ಕತಂಗಿಯರೂ ಗೆಳತಿಯರೂ ಕೂಡಿ ಮೆಹಂದಿಯ ಚಿತ್ತಾರ ಬರೆಯುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಸಂಭ್ರಮ. ಈ ಸಂಭ್ರಮಕ್ಕೆ ಈಚಿನ ವರ್ಷಗಳಲ್ಲಿ ಹೊಸದೊಂದು ಕೂಡಿಕೊಂಡಿದೆ. ಉಗುರಿಗೆ ಜೆಲ್ ಎಂಬ ಮಂದವಾದ ಬಣ್ಣವನ್ನು ಬಳಿದು, ಗೂಡಿನಂತಿರುವ ಒಂದು ಪುಟ್ಟ ದೀಪದೊಳಗೆ ಬೆರಳುಗಳನ್ನಿಟ್ಟು, ಒಂದೆರಡು ನಿಮಿಷಗಳಲ್ಲಿಯೇ ಅದನ್ನು ಗಟ್ಟಿಗೊಳಿಸುವ ಪದ್ಧತಿಯದು. ಹೀಗೆ ಹಚ್ಚಿದ ಬಣ್ಣದ ಹೊಳಪು ಎರಡು ಮೂರು ವಾರ ಮಾಸುವುದಿಲ್ಲ. ಮೊದಲು ದೊಡ್ಡ ನಗರಗಳ ಬ್ಯೂಟಿ ಪಾರ್ಲರುಗಳಲ್ಲಿ ಕಾಣುತ್ತಿದ್ದ ಈ ಸಲಕರಣೆ ಇಂದು ದೀಪಸಹಿತ ಒಂದು ಪೆಟ್ಟಿಗೆಯಾಗಿ ಕೊರಿಯರ್ ಮೂಲಕ ಮನೆಯ ಬಾಗಿಲಿಗೇ ಬರುತ್ತದೆ. ಬೀದರ ಪಟ್ಟಣವೇ ಆಗಬೇಕೆಂದಿಲ್ಲ. ಭಾಲ್ಕಿಯ ಓಣಿಗೂ ಔರಾದ ಸೀಮೆಯ ಡಾಬಕಾದಂಥ ಹಳ್ಳಿಗೂ ಅದು ತಲುಪಬಲ್ಲದು.

ಹೆಣ್ಣುಮಕ್ಕಳ ಅಲಂಕಾರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ತರಬೇತಿ ಪಡೆದವರು ಮಾಡಬೇಕಾದ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳುವಾಗ ಅವಶ್ಯವಾಗಿ ತಿಳಿದಿರಬೇಕಾದ ಒಂದು ಮಾತಿದೆ. ಅದು ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿರುವುದೇ ಹೆಚ್ಚು: ಹಸಿಯಾದ ಜೆಲ್ ಚರ್ಮಕ್ಕೆ ತಾಗಕೂಡದು. ತಾಯಂದಿರೂ ಸಹೋದರಿಯರೂ ಆ ಮಾತಿನ ಹಿಂದಿರುವ ಕಾರಣವನ್ನು ಅರಿಯಲೆಂದು ಈ ತಿಂಗಳ ಬರಹವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಗೋರಂಟಿಯ ಎಲೆಯಲ್ಲಿರುವ ಬಣ್ಣ ಚರ್ಮದ ಮೇಲ್ಪದರಕ್ಕೆ ಹತ್ತಿಕೊಂಡು, ಆ ಪದರ ಸವೆದಂತೆ ತಾನೂ ಮಾಸಿಹೋಗುತ್ತದೆ. ಸಾಮಾನ್ಯ ನೇಲ್ ಪಾಲಿಶ್ ಅದರಲ್ಲಿರುವ ದ್ರಾವಕ ಗಾಳಿಗೆ ಆರಿಹೋಗುವುದರಿಂದ ಒಣಗುತ್ತದೆ. ಜೆಲ್ ಹಾಗೆ ಆರುವುದಿಲ್ಲ. ಅದರಲ್ಲಿ ಅಕ್ರಿಲೇಟ್, ಮೆಥಾಕ್ರಿಲೇಟ್ ಎಂಬ ವರ್ಗದ ಸೂಕ್ಷ್ಮ ಅಣುಗಳೂ ಬೆಳಕು ಬಿದ್ದೊಡನೆ ಎಚ್ಚರಗೊಳ್ಳುವ ಇನ್ನೊಂದು ರಾಸಾಯನಿಕವೂ ಇರುತ್ತವೆ. ದೀಪದಿಂದ ಹೊಮ್ಮುವ ಸುಮಾರು 365ರಿಂದ 405 ನ್ಯಾನೊಮೀಟರ್ ಅಲೆಯುದ್ದದ ಅತಿನೇರಳೆ ಮತ್ತು ನೇರಳೆ ಕಿರಣ ತಾಗಿದಾಗ ಆ ಅಣುಗಳು ಒಂದನ್ನೊಂದು ಹಿಡಿದು ಸರಪಳಿಯಂತೆ ಬೆಸೆದುಕೊಂಡು ಗಟ್ಟಿ ಪದರವಾಗುತ್ತವೆ. ಹಲ್ಲಿನ ವೈದ್ಯರು ಹುಳುಕು ಹಲ್ಲಿಗೆ ಬಿಳಿಯ ಸಿಮೆಂಟು ತುಂಬಿ ನೀಲಿ ಬೆಳಕು ಹಿಡಿಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಅಲ್ಲಿಯೂ ಇದೇ ಕುಲದ ರಾಸಾಯನಿಕ, ಇದೇ ಬಗೆಯ ಕ್ರಿಯೆ.

ಪೂರ್ಣವಾಗಿ ಬೆಸೆದುಕೊಂಡ ಪದರದಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಬೆಸೆಯದೆ ಉಳಿದ ಬಿಡಿ ಅಣುಗಳೇ ಕಷ್ಟಕ್ಕೆ ಮೂಲ. ಕುಂಚ ಜಾರಿ ಉಗುರಿನ ಬುಡದ ಚರ್ಮಕ್ಕೆ ಜೆಲ್ ಹತ್ತಿದಾಗ, ಅಥವಾ ದೀಪದ ಬೆಳಕು ಸಾಲದೆ ಒಳಪದರ ಹಸಿಯಾಗಿಯೇ ಉಳಿದಾಗ ಈ ಅಣುಗಳು ಚರ್ಮದೊಳಗೆ ಇಳಿಯುತ್ತವೆ. ಮೊದಲ ಸಲ, ಎರಡನೆಯ ಸಲ ಏನೂ ಆಗದಿರಬಹುದು. ಆದರೆ ಶರೀರ ಒಮ್ಮೆ ಅವನ್ನು ಶತ್ರುವೆಂದು ಗುರುತಿಸಿತೆಂದರೆ ಮುಂದೆ ಎಷ್ಟು ಅಲ್ಪ ಪ್ರಮಾಣ ತಾಗಿದರೂ ಕೆರಳುತ್ತದೆ. ತಲೆಗೂದಲಿಗೆ ಕಪ್ಪು ಬಣ್ಣವನ್ನು ವರ್ಷಗಟ್ಟಲೆ ಹಚ್ಚಿಕೊಂಡವರಿಗೆ ಒಂದು ದಿನ ಥಟ್ಟನೆ ಮುಖ ಊದಿ, ಅಂದಿನಿಂದ ಆ ಬಣ್ಣವೇ ನಿಷಿದ್ಧವಾಗುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಇದೂ ಹಾಗೆಯೇ. ಬೆರಳ ತುದಿಗಳು ಕೆಂಪಾಗಿ ತುರಿಸುತ್ತವೆ, ನೀರ್ಗುಳ್ಳೆಗಳೇಳುತ್ತವೆ, ಚರ್ಮ ಒಡೆದು ಸುಲಿಯುತ್ತದೆ. ಉಗುರು ಸಡಿಲಾಗಿ ಮೇಲೇಳಲೂಬಹುದು. ಬೆರಳು ತಾಗಿದ ಕಣ್ಣರೆಪ್ಪೆ, ಕೆನ್ನೆ, ಕತ್ತಿನಲ್ಲಿಯೂ ಗಂಧೆ ಕಾಣಿಸಿಕೊಳ್ಳಬಹುದು.

ಬಣ್ಣವನ್ನು ಬಿಟ್ಟರಾಯಿತೆಂದು ಸಮಾಧಾನಪಡುವಂತಿಲ್ಲ. ಈ ಒಗ್ಗದಿಕೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಇದೇ ಕುಲದ ರಾಸಾಯನಿಕಗಳು ಹಲ್ಲಿಗೆ ತುಂಬುವ ಸಿಮೆಂಟಿನಲ್ಲಿವೆ, ಕಟ್ಟಿಸಿದ ಹಲ್ಲಿನ ಸೆಟ್ಟಿನಲ್ಲಿವೆ, ಮೊಣಕಾಲು ಮತ್ತು ಸೊಂಟದ ಕೀಲು ಬದಲಿಸುವಾಗ ಬಳಸುವ ಮೂಳೆಯ ಸಿಮೆಂಟಿನಲ್ಲಿವೆ, ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಕೆಲವು ಸಕ್ಕರೆ ಮಾಪಕಗಳ ಅಂಟಿನಲ್ಲಿಯೂ ಇವೆ. ಹದಿನೆಂಟರ ವಯಸ್ಸಿನಲ್ಲಿ ಉಗುರಿನ ಬಣ್ಣದಿಂದ ಬಂದ ಒಗ್ಗದಿಕೆ ಅರವತ್ತರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೋದಾಗ ತೊಡಕಾಗಬಹುದೆಂಬುದೇ ಇಲ್ಲಿ ಯೋಚಿಸಬೇಕಾದ ಸಂಗತಿ.

ಇದು ಬರಿಯ ಭಯವಲ್ಲವೆಂಬುದಕ್ಕೆ ವೈದ್ಯಲೋಕದ ದಾಖಲೆಗಳಿವೆ. ಅಮೆರಿಕದ ಸ್ಪರ್ಶಜನ್ಯ ಚರ್ಮರೋಗ ತಜ್ಞರ ಸಂಘವು 2012ರಲ್ಲಿ ಅಕ್ರಿಲೇಟುಗಳನ್ನು ಆ ವರ್ಷದ ಪ್ರಮುಖ ಅಲರ್ಜಿಕಾರಕವೆಂದು ಹೆಸರಿಸಿತು. ಬ್ರಿಟನ್ ಮತ್ತು ಐರ್ಲೆಂಡಿನ ಚರ್ಮರೋಗ ಚಿಕಿತ್ಸಾಲಯಗಳಲ್ಲಿ 2017ರಲ್ಲಿ 4,931 ರೋಗಿಗಳನ್ನು ಪರೀಕ್ಷಿಸಿದಾಗ ಶೇಕಡಾ 2.4ರಷ್ಟು ಜನರಿಗೆ ಈ ರಾಸಾಯನಿಕಗಳಲ್ಲಿ ಒಂದಾದರೂ ಒಗ್ಗದೆಂದು ಕಂಡುಬಂತು. ಮನೆಯಲ್ಲಿ ಬಳಸುವ ಜೆಲ್ ಪೆಟ್ಟಿಗೆಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕೆಂದು ಬ್ರಿಟನ್ನಿನ ಚರ್ಮವೈದ್ಯರ ಸಂಘವು 2018ರಲ್ಲಿ ಸಾರಿತು. ಇವುಗಳಲ್ಲಿ ಹೆಚ್ಚು ಕಾಡುವುದು ಹೆಮಾ ಎಂಬ ಹ್ರಸ್ವನಾಮದ ಮೆಥಾಕ್ರಿಲೇಟ್. ಉಗುರಿನ ಬಣ್ಣಗಳಲ್ಲಿ ಅದನ್ನು ವೃತ್ತಿನಿರತರು ಮಾತ್ರ ಬಳಸಬೇಕೆಂಬ ನಿಯಮವನ್ನು ಐರೋಪ್ಯ ಒಕ್ಕೂಟವು 2020ರಲ್ಲಿ ಹೊರಡಿಸಿತು.

ಇನ್ನು ದೀಪದ ವಿಷಯ. ಅದರ ಕಿರಣದಿಂದ ಕ್ಯಾನ್ಸರ್ ಬರುವುದೆಂಬ ಮಾತು ಹರಡಿದೆ. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಸಂಶೋಧಕರು ಇಂಥ ದೀಪದ ಕೆಳಗೆ ಮನುಷ್ಯರ ಮತ್ತು ಇಲಿಗಳ ಜೀವಕೋಶಗಳನ್ನಿಟ್ಟು ಪರೀಕ್ಷಿಸಿದರು. ಇಪ್ಪತ್ತು ನಿಮಿಷಗಳ ಒಂದೇ ಅವಧಿಯಲ್ಲಿ ಶೇಕಡಾ 20ರಿಂದ 30ರಷ್ಟು ಕೋಶಗಳು ಸತ್ತವು. ಉಳಿದವುಗಳಲ್ಲಿಯೂ ಹಾನಿ ಕಂಡಿತು. ಆದರೆ ಅವು ಗಾಜಿನ ತಟ್ಟೆಯಲ್ಲಿ ಬೆಳೆಸಿದ, ಚರ್ಮದ ಹೊದಿಕೆಯಿಲ್ಲದ ಕೋಶಗಳು. ಬೆಳಕು ಹಿಡಿದದ್ದೂ ಮನೆಯ ಬಳಕೆಗಿಂತ ಹೆಚ್ಚಿನ ಹೊತ್ತು. ಜೀವಂತ ಕೈಗೆ ಕ್ಯಾನ್ಸರ್ ಬರುವುದೆಂದು ಇದರಿಂದ ಸಿದ್ಧವಾಗಲಿಲ್ಲ. ಅಂಜಿ ಕೂಡುವ ಕಾರಣವಿಲ್ಲ, ಅಲಕ್ಷ್ಯವೂ ಸಲ್ಲದು. ದೀಪದೊಳಗೆ ಕೈಯಿಡುವ ಮುನ್ನ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಕ್ರೀಮನ್ನು ಕೈಗೆ ಹಚ್ಚಬೇಕು, ಇಲ್ಲವೆ ಬೆರಳತುದಿ ಕತ್ತರಿಸಿದ ದಪ್ಪ ಕೈಚೀಲವನ್ನು ಧರಿಸಬೇಕು ಎಂಬುದು ಅಮೆರಿಕದ ಚರ್ಮವೈದ್ಯರ ಸಲಹೆ. ಇದು ಯಾರಿಗೂ ಕಷ್ಟದ ಕೆಲಸವಲ್ಲ.

ಕೊಳ್ಳುವಾಗಲೇ ವಿವೇಕ ಆರಂಭವಾಗಬೇಕು. ಭಾರತ ಸರ್ಕಾರದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಲ್ಲಿ ತಯಾರಾದ ವಸ್ತುವಿನ ಮೇಲೆ ತಯಾರಕರ ಹೆಸರು, ವಿಳಾಸ ಮತ್ತು ಪರವಾನಗಿ ಸಂಖ್ಯೆ, ಹೊರದೇಶದಿಂದ ಬಂದುದಾದರೆ ಆಮದುದಾರರ ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕು. ಬಳಕೆಯ ಅವಧಿ, ಘಟಕದ್ರವ್ಯಗಳ ಪಟ್ಟಿಯೂ ಇರಬೇಕು. ಇವಿಲ್ಲದ ಸೀಸೆ ಎಷ್ಟೇ ಅಗ್ಗವಾಗಿದ್ದರೂ ಮನೆಗೆ ಬೇಡ. ಟಿಪಿಒ ಎಂಬ ಬೆಳಕಿಗೆ ಎಚ್ಚರಗೊಳ್ಳುವ ರಾಸಾಯನಿಕವನ್ನು, ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಂತಾನಶಕ್ತಿಗೆ ಹಾನಿ ಕಂಡುಬಂದ ಕಾರಣ, ಐರೋಪ್ಯ ಒಕ್ಕೂಟವು 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಪಟ್ಟಿಯಲ್ಲಿ ಆ ಹೆಸರು ಕಂಡರೆ ಬೇರೆಯದನ್ನು ಆರಿಸುವುದು ಲೇಸು. ಹೆಮಾ ಇಲ್ಲವೆಂದು ಬರೆದ ಮಾತ್ರಕ್ಕೆ ನಿಶ್ಚಿಂತೆಯಿಂದಿರುವಂತಿಲ್ಲ. ಅದೇ ಕುಲದ ಬೇರೆ ಅಣುಗಳು ಅದರಲ್ಲಿರುತ್ತವೆ. ಜೆಲ್ ಒಬ್ಬರದು, ದೀಪ ಇನ್ನೊಬ್ಬರದು ಆಗದಿರಲಿ. ಬಣ್ಣ ತಯಾರಿಸಿದವರು ಹೇಳಿದ ದೀಪವನ್ನೇ, ಹೇಳಿದಷ್ಟು ಹೊತ್ತು ಬಳಸಬೇಕು. ಮೇಲೆ ಗಟ್ಟಿಯೆನಿಸಿದ ಪದರ ಒಳಗೆ ಹಸಿಯಾಗಿರಬಹುದು.

ಹಚ್ಚುವ ಕ್ರಮವನ್ನೂ ಅರಿಯೋಣ. ಕೈಯನ್ನು ತೊಳೆದು ಪೂರ್ಣ ಒಣಗಿಸಿ, ಉಗುರಿನ ಸುತ್ತ ಗಾಯ, ಸೀಳು ಇಲ್ಲವೆಂದು ನೋಡಿಕೊಳ್ಳಬೇಕು. ಬುಡದ ಚರ್ಮದಿಂದ ಕೂದಲೆಳೆಯಷ್ಟು ಅಂತರ ಬಿಟ್ಟು ತೆಳುವಾಗಿ ಬಳಿಯಬೇಕು. ದಪ್ಪ ಪದರದ ಆಳಕ್ಕೆ ಬೆಳಕು ಇಳಿಯುವುದಿಲ್ಲ. ಗಾಢ ಬಣ್ಣ ಬೆಳಕನ್ನು ತಾನೇ ನುಂಗುತ್ತದೆ. ಆದ್ದರಿಂದ ದಪ್ಪನೆಯ ಒಂದು ಪದರಕ್ಕಿಂತ ತೆಳುವಾದ ಎರಡು ಪದರ ಮೇಲು. ಚರ್ಮಕ್ಕೆ ತಾಗಿದರೆ ದೀಪಕ್ಕಿಡುವ ಮುನ್ನವೇ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಸಾಬೂನಿನಿಂದ ತೊಳೆಯಬೇಕು. ಹೆಬ್ಬೆರಳು ದೀಪದೊಳಗೆ ಓರೆಯಾಗಿ ನಿಲ್ಲುವುದರಿಂದ ಅದನ್ನು ಬೇರೆಯಾಗಿ ಇಡುವುದು ಒಳ್ಳೆಯದು. ಉಗುರು ಸುಟ್ಟಂತಾದರೆ ತಕ್ಷಣ ಕೈ ಹೊರತೆಗೆಯಬೇಕು. ಅಣುಗಳು ಬೆಸೆಯುವಾಗ ಹುಟ್ಟುವ ಕಾವು ಅದು. ನಡುವೆ ಕರೆಂಟು ಹೋದರೆ ಅರ್ಧಕ್ಕೆ ಮುಗಿಸದೆ, ಬಂದ ಮೇಲೆ ಆ ಪದರಕ್ಕೆ ಪೂರ್ಣ ಅವಧಿಯನ್ನು ಮತ್ತೆ ಕೊಡಬೇಕು. ಕೊನೆಗೆ ಮೇಲೆ ಉಳಿಯುವ ಅಂಟಂಟಾದ ಪೊರೆಯೂ ಹಸಿ ಜೆಲ್ಲೇ. ಅದನ್ನು ಬರಿಬೆರಳಿನಿಂದ ಮುಟ್ಟದೆ ಸ್ಪಿರಿಟಿನ ಹತ್ತಿಯಿಂದ ಒರೆಸಿ ಎಸೆಯಬೇಕು. ಓಣಿಯ ಹತ್ತಾರು ಮಕ್ಕಳಿಗೆ ಹಚ್ಚಿಕೊಡುವ ಅಕ್ಕನಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಆಕೆ ನೈಟ್ರೈಲ್ ಕೈಚೀಲ ಧರಿಸಿ, ಜೆಲ್ ತಾಗಿದೊಡನೆ ಅದನ್ನು ಬದಲಿಸಬೇಕು. ಈ ಅಣುಗಳು ತೆಳು ಕೈಚೀಲವನ್ನೂ ನಿಮಿಷಗಳಲ್ಲಿ ದಾಟಬಲ್ಲವು.

ತೆಗೆಯುವಾಗ ತಾಳ್ಮೆ ಬೇಕು. ಅಂಚು ಎದ್ದ ಜೆಲ್ಲನ್ನು ಕಿತ್ತರೆ ಅದರೊಂದಿಗೆ ಉಗುರಿನ ಪದರವೂ ಕಿತ್ತುಬರುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ಹಾಳಾದುದು ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಮೇಲಿನ ಹೊಳಪನ್ನು ಮೆಲ್ಲಗೆ ಉಜ್ಜಿ, ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲಿಟ್ಟು ಹತ್ತು ಹದಿನೈದು ನಿಮಿಷ ಸುತ್ತಿಟ್ಟರೆ ಅದು ತಾನೇ ಸಡಿಲಾಗುತ್ತದೆ. ಒಂದು ಎಚ್ಚರಿಕೆಯನ್ನು ಮರೆಯಬಾರದು. ಅಸಿಟೋನಿನ ಆವಿ ಗಾಳಿಗಿಂತ ಭಾರ. ನೆಲದಗುಂಟ ಹರಿದು ಕಿಡಿ ಸಿಕ್ಕೊಡನೆ ಹೊತ್ತಿಕೊಳ್ಳುತ್ತದೆ. ಅಡುಗೆ ಒಲೆ, ದೇವರ ಮನೆಯ ದೀಪ, ಊದುಬತ್ತಿ ಇರುವೆಡೆ ಈ ಕೆಲಸ ಸರ್ವಥಾ ಕೂಡದು. ಕಿಟಕಿ ತೆರೆದಿರಲಿ, ಸೀಸೆಯ ಮುಚ್ಚಳ ಬಿಗಿಯಾಗಿರಲಿ, ಮಕ್ಕಳ ಕೈಗೆ ಅದು ನಿಲುಕದಿರಲಿ.

ಹೆರಿಗೆಗೆ ಅಥವಾ ಶಸ್ತ್ರಚಿಕಿತ್ಸೆಗೆ ಹೋಗುವವರು ಮುಂಚಿತವಾಗಿಯೇ ಬಣ್ಣ ತೆಗೆದು ಬರಿಯ ಉಗುರಿನಲ್ಲಿ ಹೋಗುವುದು ಉತ್ತಮ. ರಕ್ತದ ಆಮ್ಲಜನಕವನ್ನು ಅಳೆಯಲು ಬೆರಳಿಗೆ ಸಿಕ್ಕಿಸುವ ಯಂತ್ರಕ್ಕೆ ಗಾಢ ಬಣ್ಣ ಅಡ್ಡಿಯಾಗಬಹುದು. ಉಗುರಿನ ಬಣ್ಣ ನೋಡಿಯೇ ವೈದ್ಯರು ತಿಳಿಯುವ ಸಂಗತಿಗಳೂ ಇವೆ. ಕುಬಸದ ಸಂಭ್ರಮದಲ್ಲಿ ಗರ್ಭಿಣಿಗೆ ಗೋರಂಟಿಯೇ ಸಾಕಲ್ಲವೇ? ಅದು ಕೂಡ ಎಲೆಯಿಂದ ಅರೆದುದಿರಲಿ. ಕ್ಷಣದಲ್ಲಿ ಕಪ್ಪಾಗಿಸುವ ಕರಿ ಮೆಹಂದಿಯಲ್ಲಿ ತಲೆಗೂದಲಿನ ಬಣ್ಣದ ರಾಸಾಯನಿಕವನ್ನೇ ಬೆರೆಸಿರುವುದುಂಟು.

ಬೆರಳುಗಳಲ್ಲಿ ತುರಿಕೆ ಕಂಡರೆ, ಮದುವೆ ಮುಗಿಯಲಿ ಎಂದು ತಳ್ಳದೆ ಅಂದೇ ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಬೇಕು. ಒಗ್ಗದೆಂದು ತಿಳಿದವರು ಮುಂದೆ ಹಲ್ಲಿನ ವೈದ್ಯರಿಗೂ ಶಸ್ತ್ರವೈದ್ಯರಿಗೂ ಅದನ್ನು ಮೊದಲೇ ಹೇಳಬೇಕು. ನಮ್ಮ ಹೆಣ್ಣುಮಕ್ಕಳ ಕೈಗಳು ಬಿಸಿನೀರಿನಲ್ಲಿ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವ ಕೈಗಳು, ಬರೆದು ಓದಿ ಮುಂದೆ ಬರಬೇಕಾದ ಕೈಗಳು. ಬೆರಳತುದಿ ಒಡೆದರೆ ಈ ಯಾವ ಕೆಲಸವೂ ಸಾಗದು. ಪೆಟ್ಟಿಗೆ ಈಗಾಗಲೇ ಮನೆಗೆ ಬಂದಿದ್ದರೆ ತಾಯಂದಿರು ಮುನಿಯದೆ, ಮಗಳೊಂದಿಗೆ ಕುಳಿತು ಅದರ ಮೇಲಿನ ಬರಹವನ್ನು ಒಟ್ಟಿಗೆ ಓದಲಿ. ಸೀಸೆಯ ಮುಚ್ಚಳ ತೆರೆಯುವುದು ಅದರ ನಂತರವಾಗಲಿ.