ಎಲೆಗೆ ಅಡ್ಡವಾದ ಕೈ

ತಿರುಮಕೂಡಲು ನರಸೀಪುರದ ಕಲ್ಯಾಣಮಂಟಪವೊಂದರಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸುವವರು ಸಮೀಪಿಸುತ್ತಿದ್ದಂತೆ, ನನ್ನ ಎದುರು ಸಾಲಿನಲ್ಲಿದ್ದ ಹದಿನಾಲ್ಕರ ಬಾಲೆಯೊಬ್ಬಳು ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು ಬೇಡವೆಂದಳು. ಹಸಿವಿರಲಿಲ್ಲವೆಂದಲ್ಲ, ಕೆಲವೇ ನಿಮಿಷಗಳ ಹಿಂದೆ, ಸಂಬಂಧದಲ್ಲಿ ದೊಡ್ಡಮ್ಮನಾಗಬೇಕಾದವರೊಬ್ಬರು, "ಏನೇ ಇಷ್ಟ್ ದಪ್ಪ ಆಗ್ಬುಟ್ಟಿದ್ದೀಯ? ಹಿಂಗಾದ್ರೆ ನಾಳೆ ಯಾರೇ ಕಟ್ಕತಾರೆ ನಿನ್ನ?" ಎಂದು, ಪಂಕ್ತಿಗೆಲ್ಲ ಕೇಳಿಸುವಂತೆ, ಆದರೆ ಎಳ್ಳಷ್ಟೂ ದ್ವೇಷವಿಲ್ಲದೆ, ಅಕ್ಕರೆಯಿಂದಲೇ ಕೇಳಿದ್ದರು. ಪಕ್ಕದಲ್ಲಿದ್ದ ಅವಳ ಅಣ್ಣನಿಗೆ ದೊರೆತದ್ದು 'ಕಡ್ಡಿ ಪೈಲ್ವಾನ' ಎಂಬ ಬಿರುದು.

ಅಕ್ಕರೆಯಿಂದ ಆಡಿದ್ದರಿಂದಲೇ ಈ ಮಾತು ಪ್ರತಿಭಟನೆಗೆ ಎಡೆಗೊಡದೆ ನೇರವಾಗಿ ಎದೆಗಿಳಿಯುತ್ತದೆ. ಪ್ರಾಯಕ್ಕೆ ಬರುವ ದೇಹದ ನಡೆಯನ್ನು ಅರಿತವರು ಹೀಗೆ ಆಡಲಾರರು. ಹೆಣ್ಣುಮಕ್ಕಳಲ್ಲಿ ಸುಮಾರು 12ರ, ಗಂಡುಮಕ್ಕಳಲ್ಲಿ ಸುಮಾರು 14ರ ವಯಸ್ಸಿಗೆ ಬೆಳವಣಿಗೆ ತನ್ನ ಪರಮವೇಗವನ್ನು ಪಡೆಯುತ್ತದೆ. ಆ ಕಾಲದಲ್ಲಿ ಹೆಣ್ಣಿನ ಶರೀರದಲ್ಲಿ ಮೇದಸ್ಸು ವೃದ್ಧಿಯಾಗುವುದು ಪ್ರಕೃತಿನಿಯಮವೇ ಹೊರತು ದೋಷವಲ್ಲ. ಆದಕಾರಣವೇ ವೈದ್ಯರು ತೂಕವನ್ನು ಎತ್ತರ, ವಯಸ್ಸು, ಲಿಂಗಗಳೊಡನೆ ತಾಳೆನೋಡಿ, ವರ್ಷದಿಂದ ವರ್ಷಕ್ಕೆ ಸಾಗುವ ರೇಖೆಯನ್ನು ಗಮನಿಸಿ ನಿರ್ಣಯಿಸುತ್ತಾರೆ. ನೆಂಟರ ಕಣ್ಣಳತೆಗೆ ಆ ಯೋಗ್ಯತೆ ಸರ್ವಥಾ ಇಲ್ಲ.

ಅತಿತೂಕವೆಂಬುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಶಾಲೆ ಬಿಟ್ಟೊಡನೆ ಟ್ಯೂಷನ್ನು, ನಡುವೆ ಬೇಕರಿಯ ಪಫ್ಸು, ರಾತ್ರಿ ಮೊಬೈಲು, ಆಟಕ್ಕೆ ಬಯಲಿಲ್ಲ. ಇವುಗಳಲ್ಲಿ ಯಾವುದನ್ನೂ ಮಗು ಏರ್ಪಡಿಸಿದುದಲ್ಲ. ಅದೇ ಮಗುವಿನ ತರಗತಿಯಲ್ಲಿ ರಕ್ತಹೀನತೆಯ ನಿವಾರಣೆಗೆಂದು ವಾರಕ್ಕೊಂದು ನೀಲಿ ಮಾತ್ರೆಯನ್ನು ಹಂಚಬೇಕಾಗಿದೆಯಷ್ಟೆ. ಕೃಶತೆಯೂ ಸ್ಥೌಲ್ಯವೂ ಒಂದೇ ಬೆಂಚಿನ ಮೇಲೆ ಕುಳಿತಿವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ತನ್ನ ವೈದ್ಯರಿಗಿತ್ತ ಸಲಹೆಯೂ ಇಲ್ಲಿ ಸ್ಮರಣಾರ್ಹ: ಹರೆಯದವರನ್ನು ಉಪವಾಸ, ಊಟ ಬಿಡುವಿಕೆಗಳಿಗೆ ಪ್ರೇರೇಪಿಸಬಾರದು, ತೂಕದ ಮಾತನ್ನೇ ಮನೆಯಲ್ಲಿ ಎತ್ತಬಾರದು, ಎಲ್ಲರೂ ಕೂಡಿ ಉಣ್ಣಬೇಕು. ಮಗಳೊಬ್ಬಳ ತಟ್ಟೆಗೆ ಮಾತ್ರ ಮುದ್ದೆ ಸೊಪ್ಪುಸಾರು ಹಾಕಿ, ಉಳಿದವರು ಕರಿದ ತಿಂಡಿಗಳನ್ನು ಮೆಲ್ಲುತ್ತ ಕುಳಿತರೆ ಅದು ಪಥ್ಯವಲ್ಲ, ದಂಡನೆ. ಮುದ್ದೆಯಾದರೆ ಮನೆಮಂದಿಗೆಲ್ಲ ಮುದ್ದೆಯಾಗಲಿ. ಸಂಜೆ ಕಪಿಲೆಯ ದಡದವರೆಗೆ ನಡೆಯುವುದಾದರೆ ತಂದೆಯೂ ಜೊತೆಗೆ ನಡೆಯಲಿ.

ನಮ್ಮೂರು ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಗಣಪತಿಯ 32 ರೂಪಗಳಿವೆ. ಆ ಪರಂಪರೆಯಲ್ಲಿ ಮೊದಲನೆಯವನು ಬಾಲಗಣಪತಿ, ಎರಡನೆಯವನು ತರುಣಗಣಪತಿ. ಭತ್ತದ ತೆನೆ, ಕಬ್ಬಿನ ಜಲ್ಲೆ, ಬೇಲದ ಹಣ್ಣು, ನೇರಳೆ ಮೊದಲಾದವು ಈ ತರುಣನ ಕೈಗಳಲ್ಲಿರುವುದಾಗಿ ಧ್ಯಾನಶ್ಲೋಕ ವರ್ಣಿಸುತ್ತದೆ. ಎಲ್ಲವೂ ನಮ್ಮ ಸೀಮೆಯಲ್ಲಿಯೇ ಬೆಳೆಯುವಂಥವು. ಹರೆಯದ ಆ ಲಂಬೋದರನಿಗೆ ಭಕ್ತಿಯಿಂದ ನಮಸ್ಕರಿಸಿ ಹೊರಬಂದ ನಾವು, ಬೀದಿಯಲ್ಲಿ ಎದುರಾದ ಹರೆಯದ ಹುಡುಗನನ್ನು 'ಡುಮ್ಮ' ಎಂದು ಕೂಗಿ ಕರೆಯುತ್ತೇವಲ್ಲ, ಆಗೆಲ್ಲ ನನಗೆ ನಿಜವಾದ ದುಃಖವಾಗುತ್ತದೆ.

ಮಗು ಪದೇಪದೇ ಊಟ ತಪ್ಪಿಸಿದರೆ, ಉಂಡೊಡನೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡರೆ, ಬಾಲೆಯ ಮುಟ್ಟು ನಿಂತರೆ, ಅದನ್ನು ಹಟವೆಂದು ಗದರದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬ ವ್ಯವಸ್ಥೆಯಿದೆ. ಮನಸ್ಸಿನ ಕ್ಲೇಶವನ್ನು ಹೇಳಿಕೊಳ್ಳಲು 14416 ಎಂಬ ಟೆಲಿಮಾನಸ್ ಸಂಖ್ಯೆಯಿದೆ, ಅದಕ್ಕೆ ಶುಲ್ಕವಿಲ್ಲ.

ಬರುವ ದೊಡ್ಡ ಜಾತ್ರೆಗೆ ಆ ಬಾಲೆಯ ಮನೆಯವರು ನಂಜನಗೂಡಿಗೆ, ನಮ್ಮ ಮನೆಗೇ ಬರುವವರಿದ್ದಾರೆ. ಈಗ ಏನು ಓದುತ್ತಿದ್ದೀಯಮ್ಮ ಎಂದು ಕೇಳಿ, ಅವಳ ಎಲೆಗೆ ಎಲ್ಲರಿಗೂ ಬಡಿಸಿದಷ್ಟನ್ನೇ ಬಡಿಸಬೇಕೆಂದು ಮನೆಯಲ್ಲಿ ಈಗಲೇ ಹೇಳಿಟ್ಟಿದ್ದೇನೆ.